ಗಿರಾಕಿಯ ಕಾಳಜಿ: ಸೌಂದರ್ಯಸೇವೆ ವಿಷಯದಲ್ಲಿ ಎರಡು ಅವಧಿಯ ಪಾಠ

ತರಗತಿ: 9
ವಿಷಯ: ಸೌಂದರ್ಯ ಮತ್ತು ಸ್ವಾಸ್ಥ್ಯ (ಎನ್.ಎಸ್.ಕ್ಯು.ಎಫ್. ವೃತ್ತಿ ಶಿಕ್ಷಣ)
ಘಟಕ: ಸಲೂನು ಮತ್ತು ಪಾರ್ಲರಿನಲ್ಲಿ ಗ್ರಾಹಕರ ಆರೈಕೆ
ಸಮಯ: 40 ನಿಮಿಷದ ಎರಡು ಅವಧಿ
ಬೋಧನೋಪಕರಣ: ಒಂದು ಕುರ್ಚಿ, ಎರಡು ಟವೆಲ್, ರಂಗೋಲಿ ಬಣ್ಣ, ಸಾಬೂನು, ಬ್ಲೀಚಿಂಗ್ ಪೌಡರ್, ಪ್ರಯೋಗಶಾಲೆಯ ತಕ್ಕಡಿ, ಹತ್ತು ರಟ್ಟಿನ ಚೀಟಿ

ಈ ಘಟಕಕ್ಕೆ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ನಗುಮುಖದಿಂದ ಸ್ವಾಗತಿಸುವುದು, ನೀರು ಕೊಡುವುದು, ಮೃದುವಾಗಿ ಮಾತನಾಡುವುದು, ಕೊನೆಗೆ ಧನ್ಯವಾದ ಹೇಳುವುದು. ಕಪ್ಪುಹಲಗೆಯ ಮೇಲೆ ಐದು ಗುಣಗಳ ಪಟ್ಟಿ, ಮೌಲ್ಯಮಾಪನದಲ್ಲಿ ಅದೇ ಐದು ಗುಣಗಳ ಪ್ರಶ್ನೆ. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಕಲಿಯುವಂಥದ್ದೂ ಏನೂ ಇಲ್ಲ. ಈ ಪಟ್ಟಿ ಬಟ್ಟೆ ಅಂಗಡಿಗೂ ಹೊಂದುತ್ತದೆ, ಖಾನಾವಳಿಗೂ ಹೊಂದುತ್ತದೆ.

ಕ್ಷೌರದ ಕುರ್ಚಿ ಬೇರೆ ಬಗೆಯದು. ಅಲ್ಲಿ ಗಿರಾಕಿ ತಲೆಯನ್ನೇ ಒಪ್ಪಿಸಿ ಕೂರುತ್ತಾನೆ. ಕೊರಳಿಗೆ ಬಟ್ಟೆ ಬಿಗಿದಿರುತ್ತದೆ, ಕಣ್ಣು ಮುಚ್ಚಿರುತ್ತದೆ, ಗಂಟಲ ಹತ್ತಿರ ಬ್ಲೇಡು ಆಡುತ್ತಿರುತ್ತದೆ. ಆ ಬ್ಲೇಡು ಹೊಸದೋ ಹಳೆಯದೋ ಅವನಿಗೆ ಕಾಣುವುದಿಲ್ಲ. ಪಾರ್ಲರಿನಲ್ಲಿ ಮುಖಕ್ಕೆ ಹಚ್ಚುತ್ತಿರುವ ಕ್ರೀಮು ಯಾವುದೆಂದು ಕೇಳಲು ಎಷ್ಟೋ ಹೆಣ್ಣುಮಕ್ಕಳಿಗೆ ಸಂಕೋಚ. ಇನ್ನು ಕೆಲವರಿಗೆ ಆ ಕುರ್ಚಿಯಲ್ಲಿ ಕೂರಲು ಧೈರ್ಯವೇ ಬರದಂತೆ ಊರು ಮಾಡಿರುತ್ತದೆ. ಆದ್ದರಿಂದ ಈ ಪಾಠದ ಬೋಧನಾ ಉದ್ದೇಶವನ್ನು ಹೀಗೆ ಬರೆದುಕೊಳ್ಳಬಹುದು: ಗಿರಾಕಿ ಕೇಳಲಾರದ್ದನ್ನು, ಕಾಣಲಾರದ್ದನ್ನು, ಕೇಳದೆಯೇ ಒದಗಿಸುವುದು ಸೇವೆಯ ಗುಣಮಟ್ಟ ಎಂಬುದನ್ನು ವಿದ್ಯಾರ್ಥಿ ಮೂರು ಸಂದರ್ಭಗಳಲ್ಲಿ ಮಾಡಿ ತೋರಿಸುವನು. ಆ ಮೂರು ಸಂದರ್ಭಗಳು ಮೊದಲು ವಿಚಾರಿಸುವುದು, ಉಪಕರಣ ಶುಚಿ ಮಾಡುವುದು ಮತ್ತು ಸರದಿ ಪ್ರಕಾರ ಕೂರಿಸುವುದು.

ಪೂರ್ವಜ್ಞಾನ

ಪಾಠವನ್ನು ಆಳಂದ ತಾಲ್ಲೂಕಿನ ಖಜೂರಿಯಂಥ ಹೋಬಳಿ ಊರಿನ ತರಗತಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದೆ. ಮಹಾರಾಷ್ಟ್ರದ ಗಡಿ ಹತ್ತಿರ. ತರಗತಿಯಲ್ಲಿ ಕನ್ನಡದ ಜೊತೆಗೆ ಮರಾಠಿಯೂ ದಖನಿ ಉರ್ದುವೂ ಕಿವಿಗೆ ಬೀಳುತ್ತವೆ. ಪುಸ್ತಕದ ‘ಗ್ರಾಹಕ’ ಇಲ್ಲಿ ‘ಗಿರಾಕಿ’, ‘ಆರೈಕೆ’ ಎಂದರೆ ಬಾಣಂತಿಗೆ ಮಾಡುವುದು, ಉಳಿದದ್ದೆಲ್ಲ ‘ಕಾಳಜಿ’. ಅದಕ್ಕೇ ‘ಗಿರಾಕಿಯ ಕಾಳಜಿ’ ಎಂದೇ ಹಲಗೆಯ ಮೇಲೆ ಬರೆದು ಆರಂಭಿಸುವುದು ಒಳ್ಳೆಯದು. ಪುಸ್ತಕದ ಪದವನ್ನು ಪಾಠದ ಕೊನೆಯಲ್ಲಿ ಅದರ ಪಕ್ಕಕ್ಕೆ ಬರೆದರೆ ಸಾಕು, ಪರೀಕ್ಷೆಗೆ ಬೇಕಾಗುತ್ತದೆ.

ಈ ಮಕ್ಕಳಿಗೆ ಕಟಿಂಗ್ ಅಂಗಡಿ ಹೊಸದಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಕನ್ನಡಿ ಹಾಕಿಕೊಂಡು ನಡೆಸುವ ಪಾರ್ಲರೂ ಹೊಸದಲ್ಲ. ಆದರೆ ‘ಅಂಗಡಿ’ ಎಂಬುದೇ ಈ ವೃತ್ತಿಗೆ ತಡವಾಗಿ ಬಂದದ್ದು ಎಂಬ ಸಂಗತಿ ಅವರಿಗೆ ತಿಳಿದಿರಲಿಕ್ಕಿಲ್ಲ. ಹಿಂದೆ ಕ್ಷೌರಿಕರು ಊರಿನ ಆಯಗಾರರಲ್ಲಿ ಒಬ್ಬರು. ಗಡಿಯ ಆಚೆ ಇದನ್ನೇ ಬಲುತೆ ಎನ್ನುತ್ತಾರೆ. ವರ್ಷವಿಡೀ ಮನೆಮನೆಗೆ ಹೋಗಿ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ಪಡೆಯುತ್ತಿದ್ದರು. ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು ಎಂಬುದನ್ನು ಅವರು ತೀರ್ಮಾನಿಸುತ್ತಿರಲಿಲ್ಲ, ಊರು ತೀರ್ಮಾನಿಸುತ್ತಿತ್ತು. ಅಂಗಡಿ ಬಂದ ಮೇಲೆ ದರದ ಫಲಕ ಬಂತು, ಬಂದವರೆಲ್ಲ ಗಿರಾಕಿ ಎಂಬ ಲೆಕ್ಕ ಬಂತು. ಹಳೆಯ ಲೆಕ್ಕ ಮಾತ್ರ ಎಲ್ಲ ಕಡೆಯೂ ಪೂರ್ತಿ ಅಳಿಯಲಿಲ್ಲ. ಎರಡನೆಯ ಅವಧಿಯ ಕೊನೆಯ ಭಾಗ ಅರ್ಥವಾಗಬೇಕಾದರೆ ಇಷ್ಟು ಇತಿಹಾಸ ಬೇಕು. ಐದು ನಿಮಿಷ ಮೀರಬಾರದು.

ಇದೇ ಸಮಯದಲ್ಲಿ ಹಡಪದ ಅಪ್ಪಣ್ಣನವರ ಹೆಸರು ಬರಲಿ. ಬಸವಣ್ಣನವರ ಹಡಪ, ಅಂದರೆ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಈ ಶರಣರನ್ನು ನಮ್ಮ ಭಾಗದ ಕ್ಷೌರಿಕ ಸಮುದಾಯ ಮೂಲಪುರುಷರೆಂದು ಕಾಣುತ್ತದೆ. ಅವರ ಜಯಂತಿಯನ್ನು ಸರ್ಕಾರವೂ ಆಚರಿಸುತ್ತದೆ. ಅವರೂ ವಚನಕಾರರು, ಅವರ ಮಡದಿ ಲಿಂಗಮ್ಮನವರೂ ವಚನಕಾರ್ತಿ. ಕಲ್ಯಾಣ ಖಜೂರಿಗೆ ದೂರದ ಊರಲ್ಲ, ಪಕ್ಕದ ಬೀದರ ಜಿಲ್ಲೆಯದು. ತರಗತಿಯಲ್ಲಿ ಈ ಸಮುದಾಯದ ಮಗು ಇದ್ದರೆ, ತನ್ನ ಮನೆಯ ಕಸುಬು ಪಾಠದಲ್ಲಿ ಬಂದಾಗ ತಲೆ ತಗ್ಗಿಸುವ ಪ್ರಸಂಗ ಬರಬಾರದು. ಜಾತಿಯನ್ನು ಬೈಗುಳವಾಗಿಸುವ ಹಳೆಯ ಪದಗಳನ್ನು ಯಾವ ವಿದ್ಯಾರ್ಥಿಯಾದರೂ ಬಳಸಿದರೆ ಅಲ್ಲಿಯೇ ನಿಲ್ಲಿಸಿ, ‘ಕ್ಷೌರಿಕರು’ ಅಥವಾ ‘ಸಲೂನಿನವರು’ ಎಂದು ತಿದ್ದಬೇಕು. ಅದಕ್ಕೆ ಉಪನ್ಯಾಸ ಬೇಡ, ತಿದ್ದಿ ಮುಂದೆ ಹೋದರೆ ಸಾಕು.

ಮೊದಲ ಅವಧಿ: ಕತ್ತರಿಗಿಂತ ಮೊದಲು ಮಾತು

ತರಗತಿಯ ಮುಂದೆ ಕುರ್ಚಿ ಇಟ್ಟು ಇಬ್ಬರನ್ನು ಕರೆಯಿರಿ. ಒಬ್ಬ ಸಲೂನಿನವನು, ಇನ್ನೊಬ್ಬ ವಯಸ್ಸಾದ ಗಿರಾಕಿ. ಮೊದಲು ಅವರಿಗೆ ತೋಚಿದಂತೆ ಆಡಲಿ. ಸಾಮಾನ್ಯವಾಗಿ ಹುಡುಗರು ‘ಬರ್ರಿ ಕುಂದರ್ರಿ’ ಎಂದವರೇ ನೇರ ಕತ್ತರಿ ಆಡಿಸಲು ಶುರುಮಾಡುತ್ತಾರೆ. ಅದನ್ನು ನಿಲ್ಲಿಸಿ ತರಗತಿಗೆ ಒಂದೇ ಪ್ರಶ್ನೆ ಹಾಕಿ: ‘ಕಾಕಾಗ ಏನು ಬೇಕು ಅಂತ ಇವನಿಗೆ ಹೆಂಗ ಗೊತ್ತಾತು?’ ಎರಡನೆಯ ಬಾರಿ ಆಡುವಾಗ ಸಂಭಾಷಣೆ ಹೀಗೆ ಬೆಳೆಯುವಂತೆ ನೋಡಿಕೊಳ್ಳಬಹುದು.

‘ಬರ್ರಿ ಕಾಕಾ. ನಿಮಗಿಂತ ಮೊದಲ ಇಬ್ಬರು ಇದ್ದಾರ್ರಿ, ಅರ್ಧಾ ತಾಸು ಆಗ್ತದ. ಕುಂದರ್ತೀರೋ, ಹೋಗಿ ಬರ್ತೀರೋ?’
‘ಕುಂದರ್ತೀನಪಾ.’
(ಸರದಿ ಬಂದಾಗ) ‘ಹೆಂಗ ಮಾಡ್ಲಿ ಕಾಕಾ?’
‘ಸಣ್ಣಗ ಮಾಡು.’
‘ಸಣ್ಣಗ ಅಂದ್ರ ಎಷ್ಟ್ರಿ? ಮ್ಯಾಲ ಒಂದ ಬೆರಳಿನಷ್ಟು ಇಡ್ಲೋ?’
‘ಹೂಂ. ಆಮ್ಯಾಲ ಕಾಲಿ ಮೆಹಂದಿ ಹಚ್ಚಿಬಿಡು.’
‘ಮೊದಲ ಯಾವಾಗರ ಹಚ್ಚಿಸಿದಾಗ ತಲಿ ಕಡದಿತ್ತೇನ್ರಿ? ಮುಖ ಬಾತಿತ್ತೇನ್ರಿ?’

‘ಸಣ್ಣಗ’ ಎಂಬ ಒಂದು ಮಾತಿಗೆ ಗಿರಾಕಿಯ ಮನಸ್ಸಿನಲ್ಲಿ ಒಂದು ಅಳತೆ, ಸಲೂನಿನವನ ಕೈಯಲ್ಲಿ ಇನ್ನೊಂದು. ಬೆರಳಿನ ಅಳತೆ ತೋರಿಸಿ ಒಪ್ಪಿಗೆ ಪಡೆಯುವುದು ಹತ್ತು ಸೆಕೆಂಡಿನ ಕೆಲಸ. ದೆಹಲಿಯ ದೊಡ್ಡ ಹೋಟೆಲೊಂದರ ಸಲೂನಿನಲ್ಲಿ 2018ರಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಕೂದಲು ಕತ್ತರಿಸಿದರು ಎಂಬ ದೂರು ಗ್ರಾಹಕ ಆಯೋಗ ದಾಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದನ್ನು ಕೇಳಿದರೆ ಮಕ್ಕಳು ನಗುತ್ತಾರೆ. ನಗಲಿ, ಆದರೆ ಮರೆಯುವುದಿಲ್ಲ.

ಬಣ್ಣದ ಪ್ರಶ್ನೆ ನಗುವಂಥದ್ದಲ್ಲ. ‘ಕಾಲಿ ಮೆಹಂದಿ’ ಎಂದು ಪೊಟ್ಟಣದಲ್ಲಿ ಮಾರುವ ಕೂದಲು ಬಣ್ಣಗಳಲ್ಲಿ ಹಲವು ಗೋರಂಟಿಯಷ್ಟೇ ಅಲ್ಲ. ಅವನ್ನು ಕಪ್ಪಾಗಿಸುವುದು ಪಿ.ಪಿ.ಡಿ. ಎಂದು ಕರೆಯುವ ರಾಸಾಯನಿಕ. ಇದು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ತುರಿಕೆಯಿಂದ ಶುರುವಾಗಿ ಕಣ್ಣು, ಮುಖ ಬಾತುಕೊಳ್ಳುವವರೆಗೂ ಹೋಗಬಹುದು. ಹಿಂದೆ ಹಲವು ಬಾರಿ ಹಚ್ಚಿದಾಗ ಏನೂ ಆಗದವರಿಗೂ ಮುಂದೊಮ್ಮೆ ಆಗಬಹುದು. ಕಿವಿಯ ಹಿಂದೆ ಇಲ್ಲವೇ ಮೊಣಕೈಯ ಒಳಭಾಗದಲ್ಲಿ ಚೂರು ಹಚ್ಚಿ 48 ಗಂಟೆ ಕಾದು ನೋಡಬೇಕೆಂದು ಪೊಟ್ಟಣಗಳ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಖಾಲಿ ಪೊಟ್ಟಣವೊಂದನ್ನು ತಂದು ಆ ಸಾಲನ್ನು ಮಕ್ಕಳ ಕೈಯಲ್ಲೇ ಓದಿಸಿ. ‘ಈಗ ಕಾಕಾಗ ಏನ್ ಹೇಳ್ತಿ?’ ಎಂದು ಆಟವಾಡುತ್ತಿರುವ ಹುಡುಗನನ್ನು ಕೇಳಿ. ‘ಇವತ್ತ ಚೂರು ಹಚ್ಚತೀನ್ರಿ, ನಾಡದು ಬರ್ರಿ’ ಎಂಬ ಉತ್ತರ ಬಂದರೆ ಪಾಠದ ಅರ್ಧ ಮುಗಿದಂತೆ. ಹಾಗೆ ಹೇಳಿದರೆ ಇಂದಿನ ದುಡ್ಡು ಹೋಗುತ್ತದಲ್ಲ ಎಂದು ಯಾರಾದರೂ ತಕರಾರು ತೆಗೆಯುತ್ತಾರೆ. ತೆಗೆಯಬೇಕು. ಈ ವೃತ್ತಿಯ ನಿಜವಾದ ಕಷ್ಟ ಅದೇ, ಅದನ್ನು ಮುಚ್ಚಿಟ್ಟು ಕಲಿಸಿದ ಪಾಠ ಅಂಗಡಿಯ ಬಾಗಿಲಲ್ಲೇ ಬಿದ್ದುಹೋಗುತ್ತದೆ.

ಕುತ್ತಿಗೆಯ ವಿಷಯವನ್ನು ಇಲ್ಲಿಯೇ ಹೇಳಬೇಕು. ಕಟಿಂಗ್ ಮುಗಿದ ಮೇಲೆ ತಲೆ ತಟ್ಟಿ, ಗದ್ದ ಹಿಡಿದು ಕುತ್ತಿಗೆಯನ್ನು ‘ಲಟಕ್’ ಎನಿಸುವುದು ನಮ್ಮಲ್ಲಿ ಪುಕ್ಕಟೆ ಕೊಡುವ ಸೇವೆ. ಗಿರಾಕಿಗೂ ಬಲು ಇಷ್ಟ. ಬಳ್ಳಾರಿಯ ಸಲೂನೊಂದರಲ್ಲಿ ಹೀಗೆ ಕುತ್ತಿಗೆ ತಿರುಗಿಸಿಕೊಂಡ 30 ವರ್ಷದ ಕಾರ್ಮಿಕನೊಬ್ಬನಿಗೆ ಪಾರ್ಶ್ವವಾಯು ಆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಥಟ್ಟನೆ ತಿರುಗಿಸಿದರೆ ನಾಳದ ಒಳಪದರ ಹರಿಯಬಹುದು. ಪಾರ್ಲರಿನಲ್ಲಿ ತಲೆ ತೊಳೆಯಲು ಕುತ್ತಿಗೆಯನ್ನು ಬಹಳ ಹೊತ್ತು ಹಿಂದಕ್ಕೆ ಬಾಗಿಸಿ ಇಡುವುದರಿಂದಲೂ ಇಂಥ ಅಪಾಯ ಉಂಟೆಂದು ವೈದ್ಯರು ಬಹಳ ಹಿಂದೆಯೇ ಬರೆದಿದ್ದಾರೆ. ವಿಜ್ಞಾನ ಕೋಣೆಯಲ್ಲಿ ಅಸ್ಥಿಪಂಜರದ ಚಿತ್ರಪಟವಿದ್ದರೆ ತಂದು ತೋರಿಸಿ. ಎಚ್ಚರಿಕೆ: ಮಕ್ಕಳು ಇದನ್ನು ಆಟದಲ್ಲೂ ಒಬ್ಬರ ಮೇಲೊಬ್ಬರು ಮಾಡಿನೋಡಬಾರದು. ಅದನ್ನು ಮೊದಲೇ ಹೇಳಿ.

ಹೆಣ್ಣುಮಕ್ಕಳಿಗಾಗಿ ಇನ್ನೊಂದು ಸಂದರ್ಭ ಕೊಡಬಹುದು. ಮದುವೆಯ ಹಿಂದಿನ ದಿನ ಮದುಮಗಳು ಬಂದು ‘ಅಕ್ಕಾ, ಮುಖ ಬೆಳ್ಳಗ ಆಗೋ ಕ್ರೀಮ್ ಹಚ್ರಿ’ ಎನ್ನುತ್ತಾಳೆ. ಚರ್ಮಕ್ಕೆ ಹೊಸದಾದ ಯಾವುದನ್ನೂ ಹಿಂದಿನ ದಿನ ಹಚ್ಚಬಾರದು ಎಂಬುದು ವೃತ್ತಿಯ ನಿಯಮ. ಬೆಳ್ಳಗಾಗಿಸುತ್ತೇವೆಂದು ಮಾರುವ ಹಲವು ಕ್ರೀಮುಗಳಲ್ಲಿ ವೈದ್ಯರ ಚೀಟಿ ಇಲ್ಲದೆ ಬಳಸಬಾರದ ಸ್ಟೀರಾಯ್ಡ್ ಇರುತ್ತದೆ. ಇಲ್ಲಿ ‘ಆಗಲ್ಲ’ ಎಂದು ಹೇಳುವುದೇ ಕಾಳಜಿ. ಆದರೆ ಮದುಮಗಳಿಗೆ ನೋವಾಗದಂತೆ, ಅವಳ ಬಣ್ಣದ ಬಗ್ಗೆ ಒಂದು ಮಾತೂ ಆಡದೆ ಹೇಳುವುದು ಹೇಗೆ? ಇದಕ್ಕೆ ಉತ್ತರವನ್ನು ನಾನು ಬರೆದುಕೊಡುವುದಿಲ್ಲ. ಹುಡುಗಿಯರು ಎರಡೆರಡು ಮಂದಿಯಾಗಿ ಕೂತು ಅವರೇ ಮಾತು ಕಟ್ಟಲಿ. ಹೇನಿನ ತಲೆ ಇದ್ದರೆ ನಾಲ್ವರ ಮುಂದೆ ಅನ್ನದೆ ಹೇಳುವುದು ಹೇಗೆ ಎಂಬುದೂ ಇದೇ ಜಾತಿಯ ಅಭ್ಯಾಸ.

ಎರಡನೆಯ ಅವಧಿ: ಟವೆಲ್, ಬ್ಲೇಡು, ದಾರ

ಆರಂಭ ಪ್ರಾತ್ಯಕ್ಷಿಕೆಯಿಂದ. ಟವೆಲಿನ ಒಂದು ತುದಿಗೆ ಒಣ ರಂಗೋಲಿ ಬಣ್ಣ ಸವರಿ, ಏನೂ ಹೇಳದೆ ಐವರು ವಿದ್ಯಾರ್ಥಿಗಳ ಕೈಯನ್ನು ಒಬ್ಬರಾದ ಮೇಲೆ ಒಬ್ಬರದು ಅದರಿಂದಲೇ ಒರೆಸಿ. ಐದನೆಯವರ ಕೈಯಲ್ಲೂ ಬಣ್ಣ ಕಾಣುತ್ತದೆ. ‘ಇದು ಬಣ್ಣ, ಕಾಣ್ತದ. ಗಜಕರ್ಣ ಕಾಣ್ತದೇನು?’ ಎಂದಷ್ಟೇ ಕೇಳಿ. ನಂತರ ನೀರಿನಿಂದಷ್ಟೇ ಒಂದು ಕೈ, ಸಾಬೂನಿನಿಂದ ಒಂದು ಕೈ ತೊಳೆಸಿ ಹೋಲಿಸಬಹುದು.

ಬ್ಲೇಡಿನ ಬಗ್ಗೆ ಮಕ್ಕಳಿಗೆ ಏಡ್ಸ್ ಗೊತ್ತಿರುತ್ತದೆ, ಕಾಮಾಲೆ ಗೊತ್ತಿರುವುದಿಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತದ ಕಲೆ ಸಾಕು. ಆದ್ದರಿಂದ ಪ್ರತಿ ಗಿರಾಕಿಗೂ ಹೊಸ ಬ್ಲೇಡು, ಅದನ್ನು ಗಿರಾಕಿಯ ಕಣ್ಣೆದುರು ಕಾಗದ ಬಿಚ್ಚಿ ಹಾಕಬೇಕು. ಕಣ್ಣೆದುರು ಎಂಬುದು ಮುಖ್ಯ, ಆಗ ಗಿರಾಕಿ ಕೇಳುವ ಸಂಕೋಚವೇ ಉಳಿಯುವುದಿಲ್ಲ. ಗಾಯಕ್ಕೆ ಪಟಿಕ ಉಜ್ಜಿದರೆ ರಕ್ತ ನಿಲ್ಲುತ್ತದೆ, ರೋಗಾಣು ಸಾಯುತ್ತದೆಂದು ನಂಬುವಂತಿಲ್ಲ. ಒಂದೇ ಪಟಿಕದ ಕಲ್ಲನ್ನು ಎಲ್ಲರ ಗಲ್ಲಕ್ಕೂ ಉಜ್ಜುವುದಂತೂ ಒಂದೇ ಬ್ಲೇಡು ಬಳಸಿದಂತೆಯೇ.

ಕತ್ತರಿ, ಬಾಚಣಿಗೆಗೆ ಬ್ಲೀಚಿಂಗ್ ಪೌಡರಿನ ದ್ರಾವಣ ಅಗ್ಗದ ದಾರಿ. ಮೊದಲು ಸಾಬೂನು ನೀರಿನಲ್ಲಿ ತೊಳೆದು ಕೂದಲು, ಜಿಡ್ಡು ತೆಗೆಯಬೇಕು. ಕೊಳೆಯ ಮೇಲೆ ಔಷಧಿ ಕೆಲಸ ಮಾಡುವುದಿಲ್ಲ. ಶೇಕಡಾ 30ರಷ್ಟು ಕ್ಲೋರಿನ್ ಇರುವ ಪೌಡರಾದರೆ ಲೀಟರ್ ನೀರಿಗೆ ಸುಮಾರು 17 ಗ್ರಾಂ ಹಾಕಿದರೆ ಶೇಕಡಾ 0.5ರ ದ್ರಾವಣವಾಗುತ್ತದೆ. ಈ ಲೆಕ್ಕವನ್ನು ಮಕ್ಕಳೇ ಹಲಗೆಯ ಮೇಲೆ ಮಾಡಲಿ, ಗಣಿತದ ಶಿಕ್ಷಕರಿಗೂ ಸಂತೋಷವಾಗುತ್ತದೆ. ಹತ್ತು ನಿಮಿಷ ನೆನೆಸಿ, ಶುದ್ಧ ನೀರಿನಲ್ಲಿ ತೊಳೆದು ಒರೆಸಬೇಕು, ಇಲ್ಲದಿದ್ದರೆ ಕತ್ತರಿ ತುಕ್ಕು ಹಿಡಿಯುತ್ತದೆ. ದ್ರಾವಣ ದಿನಾ ಹೊಸದು ಬೇಕು. ಶೌಚಾಲಯ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ತರಗತಿಯಲ್ಲಿ ಪೌಡರನ್ನು ಶಿಕ್ಷಕರೇ ಮುಟ್ಟಬೇಕು, ಕಿಟಕಿ ತೆರೆದಿರಬೇಕು.

ಪಾರ್ಲರಿನ ಕಡೆ ಎರಡೇ ಮಾತು. ಹುಬ್ಬು ತಿದ್ದುವಾಗ ದಾರದ ತುದಿಯನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಬಹಳ ಕಡೆ ಇದೆ. ದಾರವನ್ನು ಕೊರಳಿಗೆ ಸುತ್ತಿಕೊಂಡು ಮಾಡುವ ವಿಧಾನವೂ ಇದೆ, ಅದನ್ನೇ ಕಲಿಸಬೇಕು. ವ್ಯಾಕ್ಸಿನ ಡಬ್ಬಿಗೆ ಒಮ್ಮೆ ಚರ್ಮಕ್ಕೆ ತಗುಲಿದ ಕಡ್ಡಿಯನ್ನು ಮತ್ತೆ ಅದ್ದಬಾರದು.

ಸರದಿ: ಪಾಠದ ಕಷ್ಟದ ಭಾಗ

ಇಲ್ಲಿಗೆ ಬಂದಾಗ ಪ್ರಶಿಕ್ಷಣಾರ್ಥಿಗಳು ಪಾಠ ಮುಗಿಸಿಬಿಡಲು ನೋಡುತ್ತಾರೆ. ‘ಇದು ಸಮಾಜ ವಿಜ್ಞಾನದ ವಿಷಯ ಸರ್, ಹತ್ತನೇ ತರಗತಿಯ ಸಾಮಾಜಿಕ ಸ್ತರವಿನ್ಯಾಸದಲ್ಲಿ ಬರುತ್ತದೆ’ ಎನ್ನುವುದುಂಟು. ಬರುತ್ತದೆ ನಿಜ. ಆದರೆ ಅಲ್ಲಿ ಅದು ಕಾಯ್ದೆಯ ಹೆಸರು ಮತ್ತು ಇಸವಿ. ನಾಳೆ ಅಂಗಡಿ ಇಡುವ ಮಗುವಿಗೆ ಇದು ಯಾರು ಬಾಗಿಲೊಳಗೆ ಬಂದರೆ ತಾನು ಏನು ಮಾಡಬೇಕು ಎಂಬ ಪ್ರಶ್ನೆ. ಕುರ್ಚಿಯನ್ನೇ ನಿರಾಕರಿಸಿದ ಮೇಲೆ ಹೊಸ ಬ್ಲೇಡಿನಿಂದಾಗಲಿ, ಮೃದು ಮಾತಿನಿಂದಾಗಲಿ ಏನು ಪ್ರಯೋಜನ?

ಪ್ರಶಿಕ್ಷಣಾರ್ಥಿ ತಿಳಿದಿರಬೇಕಾದ ಎರಡು ಪ್ರಕರಣಗಳಿವೆ. 2020ರ ನವೆಂಬರಿನಲ್ಲಿ ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಬಂದ ಸುದ್ದಿ: ಪರಿಶಿಷ್ಟ ಜಾತಿ, ಪಂಗಡದವರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕ ಕುಟುಂಬಕ್ಕೇ 50,000 ರೂಪಾಯಿ ದಂಡ, ಬಹಿಷ್ಕಾರ. 2024ರ ಆಗಸ್ಟಿನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದಂಗಡಿಯಲ್ಲಿ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬನ ಕೊಲೆಯಾಯಿತು. ಮೊದಲನೆಯದರಲ್ಲಿ ಕುರ್ಚಿ ಕೊಟ್ಟವನ ಮೇಲೆ ಊರು ಬಿತ್ತು, ಎರಡನೆಯದರಲ್ಲಿ ಕುರ್ಚಿ ಕೇಳಿ ಬಂದವನ ಜೀವ ಹೋಯಿತು. ಇವೆರಡನ್ನೂ ಒಟ್ಟಿಗೆ ಓದದಿದ್ದರೆ ಇಡೀ ತಪ್ಪನ್ನು ಸಲೂನಿನವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತೇವೆ. ‘ಅವರಿಗೆ ಮಾಡಿದ್ರ ನಾವು ಬರಂಗಿಲ್ಲ’ ಎನ್ನುವ ಗಿರಾಕಿಯೂ ಈ ಪಾಠದೊಳಗೆ ಇದ್ದಾನೆ.

ಸಂಗನಾಳದ ಪ್ರಕರಣ ಶಿಕ್ಷಕರ ಓದಿಗೆ ಮಾತ್ರ, 9ನೇ ತರಗತಿಯಲ್ಲಿ ಹೇಳುವುದು ಬೇಡ. ನಿರಾಕರಣೆಯ ದೃಶ್ಯವನ್ನು ಪಾತ್ರಾಭಿನಯ ಮಾಡಿಸುವುದೂ ಬೇಡ. ಯಾವ ಮಗುವನ್ನು ಯಾವ ಪಾತ್ರಕ್ಕೆ ನಿಲ್ಲಿಸಿದರೂ ಗಾಯವಾಗುತ್ತದೆ. ‘ನಿಮಗೆ ಹೀಗಾಗಿದೆಯಾ?’ ಎಂದು ಕೇಳುವುದು ಅದಕ್ಕಿಂತ ಕೆಟ್ಟದ್ದು. ಬದಲಿಗೆ ಚೀಟಿಗಳನ್ನು ಬಳಸಿ.

ಐದು ಚೀಟಿಗಳ ಮೇಲೆ ಬಂದ ಸಮಯ ಮಾತ್ರ ಬರೆದಿರಲಿ: 9.05, 9.10, 9.20, 9.25, 9.40. ಯಾರು ಮೊದಲು ಕೂರಬೇಕೆಂದು ತಂಡಗಳು ಜೋಡಿಸಲಿ. ಸಲೀಸಾಗಿ ಜೋಡಿಸುತ್ತಾರೆ. ಈಗ ಉಳಿದ ಐದು ಚೀಟಿ ಕೊಡಿ. ಕೂಲಿಗೆ ಹೊರಟವರು 9.05, ಶಾಲೆಯ ಹುಡುಗ 9.10, ಊರಿನ ಮುಖಂಡರ ಮಗ 9.20, ಬಸ್ಸಿಗೆ ಹೊರಟವರು 9.25, ಮುತ್ಯಾ 9.40. ಮತ್ತೆ ಜೋಡಿಸಿರಿ ಎಂದಾಗ ಕೆಲವು ತಂಡಗಳ ಸಾಲು ಬದಲಾಗುತ್ತದೆ. ಬದಲಾದ ಕಡೆ ‘ಯಾಕೆ?’ ಎಂಬ ಒಂದೇ ಪ್ರಶ್ನೆ. ಮುತ್ಯಾನಿಗೆ ನಿಲ್ಲಲಾಗುವುದಿಲ್ಲ ಎಂಬ ಕಾರಣ ನಿಲ್ಲುತ್ತದೆ, ಉಳಿದವರ ಒಪ್ಪಿಗೆ ಕೇಳಿ ಅವನನ್ನು ಮುಂದೆ ಕರೆಯಬಹುದು. ಮುಖಂಡರ ಮಗನಿಗೆ ಕೊಟ್ಟ ಕಾರಣ ಬಾಯಿಂದ ಹೊರಬರಲು ತಡವರಿಸುತ್ತದೆ. ಜಾತಿಯ ಹೆಸರು ಎತ್ತದೆಯೇ ಮಕ್ಕಳು ಅಲ್ಲಿಗೆ ಬಂದು ನಿಂತಿರುತ್ತಾರೆ.

ಅನಂತರವೇ ಕಾನೂನು. ಸಂವಿಧಾನದ 15(2)ನೇ ವಿಧಿ ಅಂಗಡಿಗಳಿಗೆ ಪ್ರವೇಶವನ್ನು ಜಾತಿಯ ಕಾರಣಕ್ಕೆ ತಡೆಯಬಾರದು ಎನ್ನುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯ ಚರ್ಚೆಯಲ್ಲಿ ‘ಅಂಗಡಿ’ ಎಂಬ ಪದದ ವ್ಯಾಪ್ತಿಯ ಪ್ರಶ್ನೆ ಎದ್ದಾಗ, ಅದಕ್ಕೆ ವಿಶಾಲವಾದ ಅರ್ಥವಿದೆ, ಸೇವೆ ನೀಡಲು ಕೂತ ಎಲ್ಲರೂ ಅದರಲ್ಲಿ ಸೇರುತ್ತಾರೆ, ಒಳಗೆ ಬಿಡುವುದಷ್ಟೇ ಅಲ್ಲ ಸೇವೆಯೂ ಸಿಗಬೇಕು ಎಂಬ ಅರ್ಥದಲ್ಲಿ ಅಂಬೇಡ್ಕರ್ ಉತ್ತರಿಸಿದರು. ಖಜೂರಿಯ ಮಗುವಿಗೆ ಇದು ದೊಡ್ಡ ಸಂಗತಿ: ತಾನು ಕೂರುವ ಕುರ್ಚಿಯ ಬಗ್ಗೆ ದೆಹಲಿಯಲ್ಲಿ ಅಂದೇ ಮಾತಾಗಿತ್ತು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅಸ್ಪೃಶ್ಯತೆ ಆಚರಿಸಲು ಒಪ್ಪದವನನ್ನು ಅವನ ಸಮುದಾಯದವರೇ ಹೊರಗಿಟ್ಟರೆ ಅದೂ ಅದೇ ಕಾಯ್ದೆಯ 7ನೇ ಕಲಮಿನಲ್ಲಿ ಅಪರಾಧ. ಎರಡನೆಯ ವಾಕ್ಯವನ್ನು ಬಿಡಬೇಡಿ, ಅದು ಕ್ಷೌರಿಕರ ಮನೆಯ ಮಗುವಿನ ಬೆನ್ನಿಗೆ ನಿಲ್ಲುತ್ತದೆ.

ಮೌಲ್ಯಮಾಪನ ಮತ್ತು ವೀಕ್ಷಣೆ

‘ಉತ್ತಮ ಸೇವಾದಾರನ ಐದು ಗುಣಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬೇಡ. ಪ್ರತಿ ತಂಡವೂ ತನ್ನ ಅಂಗಡಿಗೆ ಗೋಡೆಯ ಮೇಲೆ ಹಾಕುವ ಫಲಕವೊಂದನ್ನು ಬರೆಯಲಿ. ಅದರಲ್ಲಿ ದರ, ಸರದಿಯ ನಿಯಮ, ಬ್ಲೇಡಿನ ನಿಯಮ, ಬಣ್ಣ ಹಚ್ಚುವ ನಿಯಮ ನಾಲ್ಕೂ ಇರಬೇಕು, ಓದು ಬಾರದವರಿಗಾಗಿ ಒಂದಾದರೂ ಚಿತ್ರವಿರಬೇಕು. ಗಡಿ ಊರಾದ್ದರಿಂದ ಬೇಕಾದವರು ಮರಾಠಿ, ಉರ್ದುವಿನಲ್ಲೂ ಒಂದು ಸಾಲು ಸೇರಿಸಬಹುದು. ಗೃಹಪಾಠಕ್ಕೆ ತಾವು ಹೋಗುವ ಅಂಗಡಿಯಲ್ಲಿ ಟವೆಲ್ ಎಷ್ಟು, ಕೈತೊಳೆಯುವ ನೀರು ಎಲ್ಲಿದೆ, ಬಳಸಿದ ಬ್ಲೇಡು ಎಲ್ಲಿ ಬೀಳುತ್ತದೆ ಎಂದು ನೋಡಿ ಬರೆಯಲಿ. ಅಂಗಡಿಯ ಹೆಸರು, ಮಾಲೀಕರ ಹೆಸರು ಬರೆಯಬಾರದು. ಸಹಪಾಠಿಯ ತಂದೆಯ ಅಂಗಡಿಯೇ ಆಗಿದ್ದೀತು.

ಪಾಠ ವೀಕ್ಷಿಸುವ ಉಪನ್ಯಾಸಕರಿಗೆ ಒಂದು ಸೂಚನೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಹಲಗೆಯ ಬಳಕೆ ಎಂಬ ಅಂಕಣಗಳಿವೆ. ಈ ಪಾಠಕ್ಕೆ ಅವುಗಳ ಪಕ್ಕದಲ್ಲಿ ಕೈಬರಹದಲ್ಲೇ ಇನ್ನೊಂದು ಸೇರಿಸಿಕೊಳ್ಳಿ: ಎರಡನೆಯ ಬಾರಿ ಚೀಟಿ ಜೋಡಿಸುವಾಗ ಯಾವ ಮಕ್ಕಳು ಮಾತು ನಿಲ್ಲಿಸಿದರು, ಆಗ ಪ್ರಶಿಕ್ಷಣಾರ್ಥಿ ಎಲ್ಲಿ ನಿಂತಿದ್ದರು. ಪಾಠದ ನಂತರದ ಚರ್ಚೆಯನ್ನು ಅಲ್ಲಿಂದ ಆರಂಭಿಸಬಹುದು.